ಸೋರಿದ ಬ್ರೌಸರ್: ವೇಗ ಮೆಚ್ಚಿದವರು ಒತ್ತಕ್ಷರ ನೋಡಿದರೆ?

ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರು ಎಂಬುದು ಗಾದೆ. ತಂತ್ರಾಂಶ ಲೋಕದಲ್ಲಿ ಕೆಲವೊಮ್ಮೆ ಕುಲಾವಿ ಸಿದ್ಧವಾಗುವ ಮುನ್ನ ಕೂಸೇ ಹೊರಬಂದುಬಿಡುತ್ತದೆ. 2019ರ ಮಾರ್ಚ್ ಅಂತ್ಯದಲ್ಲಿ ನಡೆದದ್ದು ಅದೇ. ಮೈಕ್ರೋಸಾಫ್ಟ್ ಇನ್ನೂ ಸಾರ್ವಜನಿಕರ ಮುಂದಿಡದಿದ್ದ ಹೊಸ ‘ಎಡ್ಜ್’ ಬ್ರೌಸರಿನ ಪರೀಕ್ಷಾರ್ಥ ಆವೃತ್ತಿ ಸೋರಿಕೆಯಾಗಿ ಅಂತರ್ಜಾಲದಲ್ಲಿ ಹರಿದಾಡಿತು. ಕುತೂಹಲಿಗಳು ಅದನ್ನು ಇಳಿಸಿಕೊಂಡು, ಓಡಿಸಿ ನೋಡಿ, ಕೆಲವೇ ಗಂಟೆಗಳಲ್ಲಿ ತೀರ್ಪನ್ನೂ ಕೊಟ್ಟರು.

ತೀರ್ಪು ಬಹುಮಟ್ಟಿಗೆ ಅನುಕೂಲಕರವಾಗಿಯೇ ಇತ್ತು. ಪುಟಗಳು ಚುರುಕಾಗಿ ತೆರೆದುಕೊಳ್ಳುತ್ತಿವೆ, ಅಪೂರ್ಣ ತಂತ್ರಾಂಶವಾದರೂ ಸುಸ್ಥಿರವಾಗಿದೆ, ಗೂಗಲ್ ಕ್ರೋಮ್‌ಗಾಗಿ ರಚಿಸಿದ ವಿಸ್ತರಣೆಗಳು ಇದರಲ್ಲೂ ನಡೆಯುತ್ತವೆ ಎಂಬುದು ಮೆಚ್ಚುಗೆಯ ಸಾರ. ನೋಡಲು ಕ್ರೋಮ್‌ನ ತಮ್ಮನಂತಿದೆ, ಹಳೆಯ ಎಡ್ಜ್‌ನಲ್ಲಿದ್ದ ಪುಟದ ಮೇಲೆ ಬರೆಯುವಂಥ ಸೌಲಭ್ಯಗಳು ಕಾಣುತ್ತಿಲ್ಲ ಎಂಬುದು ಆಕ್ಷೇಪಣೆ. ಏಪ್ರಿಲ್ 8ರಂದು ಸಂಸ್ಥೆಯೇ ಪರೀಕ್ಷಾ ಆವೃತ್ತಿಗಳನ್ನು ಅಧಿಕೃತವಾಗಿ ಬಿಡುಗಡೆ ಮಾಡಿತು. 2020ರ ಜನವರಿ 15ರಂದು ಪೂರ್ಣ ಆವೃತ್ತಿ ಹೊರಬಂತು.

ಈ ಹೋಲಿಕೆಗೆ ಕಾರಣವಿತ್ತು. ತನ್ನದೇ ಯಂತ್ರಾಂಗವನ್ನು ಕೈಬಿಟ್ಟು, ಗೂಗಲ್ ಮುಂದಾಳತ್ವದ ಮುಕ್ತ ಯೋಜನೆಯಾದ ಕ್ರೋಮಿಯಂ ಮೇಲೆ ಎಡ್ಜ್ ಅನ್ನು ಮರಳಿ ಕಟ್ಟುವುದಾಗಿ ಮೈಕ್ರೋಸಾಫ್ಟ್ 2018ರ ಡಿಸೆಂಬರಿನಲ್ಲೇ ಘೋಷಿಸಿತ್ತು. ಸೋರಿದ ಪ್ರತಿಯಲ್ಲಿ ಜನ ನೋಡಿದ್ದು ಆ ಶರಣಾಗತಿಯ ಮೊದಲ ರೂಪವನ್ನು.

ಯಾರೂ ಕೇಳದ ಪ್ರಶ್ನೆ

ಮೊದಲ ಬಳಕೆದಾರರ ಅಳತೆಗೋಲುಗಳು ಎಲ್ಲೆಡೆ ಒಂದೇ: ವೇಗ, ನೋಟ, ವಿಸ್ತರಣೆ, ಸ್ಮೃತಿಯ ಬಳಕೆ. ಇಂಗ್ಲಿಷ್ ಓದುಗನಿಗೆ ಇಷ್ಟು ಸಾಕು. ಕನ್ನಡ ಓದುಗನಿಗೆ ಇದಕ್ಕೂ ಮೊದಲ ಪ್ರಶ್ನೆಯೊಂದಿದೆ: ಅಕ್ಷರ ಸರಿಯಾಗಿ ಮೂಡುತ್ತದೆಯೇ?

ಈ ಪ್ರಶ್ನೆ ಕ್ಷುಲ್ಲಕವಲ್ಲ. ‘ಸ್ವಾಮಿ’ ಎಂಬ ಪದದಲ್ಲಿ ವಕಾರ ಸಕಾರದ ಕೆಳಗೆ ಒತ್ತಾಗಿ ಕೂರಬೇಕು. ವ್ಯವಸ್ಥೆ ತಪ್ಪಿದರೆ ಅದು ‘ಸ್‌ವಾಮಿ’ ಎಂದು ಒಡೆದು ನಿಲ್ಲುತ್ತದೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಬೇಕು, ‘ರ‍್ಯಾಂಕ್’ನಲ್ಲಿ ಬೇಡ. ಈ ವ್ಯತ್ಯಾಸವನ್ನು ಕಾಯುವುದು ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ. ಅಕ್ಷರಗಳನ್ನು ಹೀಗೆ ಹೆಣೆಯುವ ಕೆಲಸ ಬ್ರೌಸರಿನೊಳಗಿನ ಪ್ರತ್ಯೇಕ ತಂತ್ರಾಂಶದ್ದು. ಕ್ರೋಮ್, ಫೈರ್‌ಫಾಕ್ಸ್ ಎರಡೂ ಇದಕ್ಕೆ ‘ಹಾರ್ಫ್‌ಬಝ್’ ಎಂಬ ಮುಕ್ತ ತಂತ್ರಾಂಶವನ್ನು ನೆಚ್ಚಿವೆ. ಯಂತ್ರಾಂಗ ಬದಲಾಯಿಸಿದೊಡನೆ ಎಡ್ಜ್‌ನ ಕನ್ನಡವೂ ಅದೇ ಕೈಗೆ ಬಂತು. ಸೋರಿಕೆಯ ಸಂಭ್ರಮದಲ್ಲಿ ಈ ಬದಲಾವಣೆ ಸುದ್ದಿಯಾಗಲಿಲ್ಲ.

ಒಂದೇ ಬ್ರೌಸರಿಗೆ ಕಟ್ಟುಬಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರು ಹಿಂದೆಯೇ ಕಂಡಿದ್ದಾರೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಲವು ಕನ್ನಡ ತಾಣಗಳು ತಮ್ಮದೇ ಅಕ್ಷರಶೈಲಿಯನ್ನು ಪುಟದೊಡನೆ ಕಳುಹಿಸುತ್ತಿದ್ದವು. ಆ ವಿಧಾನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮಾತ್ರ ಒಗ್ಗುತ್ತಿತ್ತು. ಫೈರ್‌ಫಾಕ್ಸ್‌ನಲ್ಲಿ ತೆರೆದವನಿಗೆ ಸಿಗುತ್ತಿದ್ದುದು ಅರ್ಥವಾಗದ ರೋಮನ್ ಚಿಹ್ನೆಗಳ ರಾಶಿ. ಯೂನಿಕೋಡ್ ಬಂದು ಆ ಗೊಂದಲ ಕಳೆಯಿತು. ಎಕ್ಸ್‌ಪ್ಲೋರರ್ ಕೂಡ 2022ರ ಜೂನ್ 15ರಂದು ನಿವೃತ್ತವಾಯಿತು.

ಬೆಂಗಳೂರಿನ ಎಪಿಕ್, ಚೆನ್ನೈನ ಉಲಾ

ದೇಸೀ ಉತ್ತರದ ಪ್ರಯತ್ನಗಳೂ ನಡೆದಿವೆ. 2010ರ ಜುಲೈನಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆ ‘ಎಪಿಕ್’ ಬ್ರೌಸರನ್ನು ಹೊರತಂದಿತು. ಭಾರತೀಯ ಭಾಷೆಗಳಲ್ಲಿ ಬೆರಳಚ್ಚಿಸುವ ಅನುಕೂಲವನ್ನು ಒಳಗೇ ಇರಿಸಿದ್ದು ಅದರ ಹೆಗ್ಗಳಿಕೆ. ಹೊರಬಂದ ದಿನಗಳಲ್ಲಿ ಸ್ವಾಗತವೂ ಸಿಕ್ಕಿತು, ಇದು ಅಲಂಕರಿಸಿದ ಫೈರ್‌ಫಾಕ್ಸ್ ಅಷ್ಟೇ ಎಂಬ ಟೀಕೆಯೂ ಬಂತು. ಟೀಕೆಯಲ್ಲಿ ಹುರುಳಿಲ್ಲದಿರಲಿಲ್ಲ, ಎಪಿಕ್ ನಿಂತಿದ್ದುದು ಮೊಝಿಲ್ಲಾದ ಅಡಿಪಾಯದ ಮೇಲೆಯೇ. 2013ರಲ್ಲಿ ಅದು ಕ್ರೋಮಿಯಂಗೆ ಹೊರಳಿ, ಖಾಸಗಿತನ ಕಾಯುವ ಬ್ರೌಸರ್ ಎಂಬ ಹೊಸ ಗುರುತನ್ನು ಪಡೆಯಿತು.

2023ರ ಆಗಸ್ಟಿನಲ್ಲಿ ಕೇಂದ್ರ ಸರಕಾರವೇ ಭಾರತೀಯ ಬ್ರೌಸರಿಗಾಗಿ ಸ್ಪರ್ಧೆ ಘೋಷಿಸಿತು. ಭಾರತೀಯ ಭಾಷೆಗಳಿಗೆ ಬೆಂಬಲ, ದೇಶದ ಸ್ವಂತ ಪ್ರಮಾಣಪತ್ರ ವ್ಯವಸ್ಥೆಗೆ ಮನ್ನಣೆ ಅದರ ಮುಖ್ಯ ಆಶಯಗಳು. ಸಿ-ಡ್ಯಾಕ್‌ನ ಬೆಂಗಳೂರು ಕೇಂದ್ರ ಇದರಲ್ಲಿ ಕೈಜೋಡಿಸಿತು. 2025ರ ಮಾರ್ಚ್‌ನಲ್ಲಿ ಝೋಹೊ ಸಂಸ್ಥೆ 1 ಕೋಟಿ ರೂಪಾಯಿಯ ಮೊದಲ ಬಹುಮಾನ ಗೆದ್ದಿತು. ಅದರ ‘ಉಲಾ’ ಬ್ರೌಸರಿನ ತಳಹದಿಯೂ ಕ್ರೋಮಿಯಂ.

ಹೆಸರು ಹಲವು, ಯಂತ್ರಾಂಗ ಒಂದೇ. ಅದರಲ್ಲಿ ಕನ್ನಡದ ದೋಷವೊಂದು ನುಸುಳಿದರೆ ಎಲ್ಲ ಬ್ರೌಸರುಗಳಲ್ಲೂ ಒಟ್ಟಿಗೇ ಕಾಣಿಸಿಕೊಳ್ಳುವ ಅಪಾಯವಿದೆ. ಹಾಗೆಯೇ, ಒಂದು ಕಡೆ ತಿದ್ದಿದರೆ ಎಲ್ಲೆಡೆ ಸರಿಹೋಗುವ ಲಾಭವೂ ಇದೆ. ಪ್ರಶ್ನೆ ಇರುವುದು ತಿದ್ದಿಸುವವರು ಯಾರು ಎಂಬಲ್ಲಿ.

ಕುಂದಾಣದ ಪಹಣಿಗೂ ಇದಕ್ಕೂ ನಂಟು

ಬೆಂಗಳೂರು ಗ್ರಾಮಾಂತರ ಜಿಲ್ಲಾಡಳಿತ ಭವನ ಇರುವುದು ದೇವನಹಳ್ಳಿ ತಾಲ್ಲೂಕು ಕುಂದಾಣ ಹೋಬಳಿಯ ಬೀರಸಂದ್ರದಲ್ಲಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ಈ ಸೀಮೆಯ ಜಮೀನಿನ ಮೇಲೆ ನಗರದ ಕಣ್ಣಿದೆ. ಇಲ್ಲಿನ ಪಹಣಿಯನ್ನು ಬೆಂಗಳೂರಿನ ಖರೀದಿದಾರ ತನ್ನ ಮನೆಯಲ್ಲೇ ಕುಳಿತು ನೋಡುತ್ತಾನೆ. ಅದೇ ದಾಖಲೆಯನ್ನು ರೈತ ಹೋಬಳಿಯ ನಾಡಕಚೇರಿಯಲ್ಲೋ ಸೈಬರ್ ಕೇಂದ್ರದಲ್ಲೋ ತೆಗೆಸುತ್ತಾನೆ. ಇಬ್ಬರ ನಡುವಿನ ಕಿಟಕಿ ಬ್ರೌಸರ್. ಪುಟ್ಟಸ್ವಾಮಿ, ಕೃಷ್ಣಪ್ಪ, ಲಕ್ಷ್ಮಮ್ಮ ಎಂಬ ಹೆಸರುಗಳಲ್ಲಿ ಒತ್ತಕ್ಷರವಿಲ್ಲದ್ದು ಯಾವುದು? ಪರದೆಯ ಮೇಲೆ ಅಕ್ಷರ ಒಡೆದರೆ ಮೂಲ ದಾಖಲೆ ಬದಲಾಗದು, ನಿಜ. ಆದರೆ ಮುದ್ರಿಸಿ ಕೈಗಿತ್ತ ಹಾಳೆಯಲ್ಲಿ ಹೆಸರು ಹೊಂದದಿದ್ದರೆ ಅಲೆದಾಟ ತಪ್ಪದು. ಆ ಅಲೆದಾಟದ ಹೊರೆ ಬೀಳುವುದು ರೈತನ ಮೇಲೆಯೇ ಹೊರತು ತಂತ್ರಜ್ಞನ ಮೇಲಲ್ಲ.

ಪರೀಕ್ಷೆಗೆ ಸೋರಿಕೆಯ ದಾರಿ ಹಿಡಿಯಬೇಕಿಲ್ಲ, ಹಿಡಿಯಲೂಬಾರದು. ಅಪರಿಚಿತರು ಹಂಚಿದ ಕಡತದೊಳಗೆ ಏನು ಬೆರೆತಿದೆಯೋ ಹೇಳಲಾಗದು. ಎಡ್ಜ್, ಕ್ರೋಮ್, ಫೈರ್‌ಫಾಕ್ಸ್ ಮೂರಕ್ಕೂ ಅಧಿಕೃತ ಪೂರ್ವಪರೀಕ್ಷಾ ಆವೃತ್ತಿಗಳಿದ್ದು, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ದೋಷ ಕಂಡರೆ ವರದಿ ಮಾಡಲು ವ್ಯವಸ್ಥೆಯೂ ಇದೆ. ರಾಜ್ಯದ ಇ-ಆಡಳಿತ ಕೇಂದ್ರ, ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಎಂಜಿನಿಯರಿಂಗ್ ಕಾಲೇಜುಗಳು ಸೇರಿ, ಪ್ರತಿ ಹೊಸ ಆವೃತ್ತಿಯಲ್ಲಿ ಕನ್ನಡದ ಕಠಿಣ ಸಂಯುಕ್ತಾಕ್ಷರಗಳನ್ನೂ ಸರಕಾರಿ ತಾಣಗಳನ್ನೂ ಒರೆಗೆ ಹಚ್ಚುವ ಪುಟ್ಟ ತಂಡ ಕಟ್ಟಿದರೆ ಖರ್ಚು ಹೆಚ್ಚಿಲ್ಲ, ಪ್ರಯೋಜನ ದೊಡ್ಡದು.

ಹೊಸ ಬ್ರೌಸರ್ ಎಷ್ಟು ಬೇಗ ತೆರೆದುಕೊಂಡಿತು ಎಂದು ಹೇಳಲು ಜಗತ್ತಿನಲ್ಲಿ ಲಕ್ಷಾಂತರ ಮಂದಿಯಿದ್ದಾರೆ. ಅದರಲ್ಲಿ ‘ಲಕ್ಷ್ಮಮ್ಮ’ ಸರಿಯಾಗಿ ಮೂಡಿತೇ ಎಂದು ನೋಡಬೇಕಾದವರು ಮಾತ್ರ ಕನ್ನಡಿಗರೇ.