ಮಗುವಿಗೊಂದು ಪ್ರತ್ಯೇಕ ಕಡತ

ಸೇವೆಯಲ್ಲಿದ್ದಾಗ ಚಿಕ್ಕೋಡಿ, ರಾಯಬಾಗ, ಅಥಣಿಗಳಲ್ಲಿ ಕಬ್ಬಿನ ಹಂಗಾಮಿಗೆ ಬೀಡ್ ಜಿಲ್ಲೆಯಿಂದ ಬರುತ್ತಿದ್ದ ಕೂಲಿಕಾರರ ಮಕ್ಕಳನ್ನು ಕಂಡಿದ್ದೇನೆ. ತಂದೆಯ ಹೆಸರಿನ ಮುಂದೆ ಅವರನ್ನು ಒಂದು ಅಂಕಿಯಾಗಿ ಬರೆದು ಮುಗಿಸುತ್ತಿದ್ದೆವು. ಮಗುವನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಪರದೇಶದಲ್ಲಿ ಆಶ್ರಯ ಕೋರುವ ಕುಟುಂಬಗಳ ಮೇಲ್ಮನವಿಗಳಲ್ಲೂ ಅನೇಕ ವೇಳೆ ಆಗುವುದು ಇದೇ. ಹೆತ್ತವರ ಅರ್ಜಿ ತಿರಸ್ಕೃತವಾದರೆ ಮಗುವಿನದೂ ಮುಗಿಯಿತು. 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಸುಳ್ಳು ಹೇಳಿ ಆಶ್ರಯ ಕೋರಿದ್ದ ತಾಯಿಯೊಬ್ಬಳ ಮೇಲ್ಮನವಿಯನ್ನು ಪುರಸ್ಕರಿಸಿತು. ಅಲ್ಲಿಯೇ ಹುಟ್ಟಿದ ಮಕ್ಕಳು ತಾಯಿಯ ತಪ್ಪಿಗೆ ಹೊಣೆಯಲ್ಲ ಎಂಬುದು ಅದರ ನಿಲುವು.

ಮಗುವಿನ ಮಾತಿಗೆ ಕಿವಿಗೊಡಬೇಕೆನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಆದರೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಆಶ್ರಯ ಕೋರಿಕೆಗೆ ಪ್ರತ್ಯೇಕ ವ್ಯವಸ್ಥೆಯಿಲ್ಲ. ಅಂಥ ಕಾನೂನು ರೂಪುಗೊಳ್ಳುವ ದಿನ, ಮಗುವಿಗೆ ಅದರದೇ ಕಡತವಿರಲಿ.