ಗುಜರಿಯವರು ಬಿಟ್ಟುಹೋದ ಕಲ್ಲು

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮೂರಿನ ಕಸದ ಗುಡ್ಡೆಯನ್ನು ದೂರದಿಂದಲೇ ನೋಡಿ, ಅಲ್ಲಿ ಏನೇನು ಇಲ್ಲ ಅಂತ ಹೇಳಿ. ಕಬ್ಬಿಣ ಸಿಗುವುದಿಲ್ಲ. ಹಿತ್ತಾಳೆ, ತಾಮ್ರ ಅಂತೂ ಇಲ್ಲವೇ ಇಲ್ಲ. ಅವೆಲ್ಲ ಗುಜರಿಯವರ ತಕ್ಕಡಿ ಸೇರಿರುತ್ತವೆ. ಹಳೇ ಅಲ್ಯೂಮಿನಿಯಂ ಪಾತ್ರೆ ಕರಗಿಸುವುದಕ್ಕೆ, ಅದಿರಿನಿಂದ ಹೊಸ ಲೋಹ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 5 ಪಾಲು ಸಾಕು. ಹಾಗಿರುವಾಗ ಅವರು ಬಿಟ್ಟಾರೆಯೇ? ಕರಗದ ಸಾಮಾನಿಗೆ ಮಾತ್ರ ಬೆಲೆಯಿಲ್ಲ. ಕಲ್ಲು, ಮರ, ಮಡಕೆ ಅಲ್ಲೇ ಬಿದ್ದಿರುತ್ತವೆ.

ನಮ್ಮ ಹುಲ್ಲಹಳ್ಳಿಯಲ್ಲಿ ನಾಲೆ ಪಕ್ಕ ಕಸ ಸುರಿಯುವ ಕಡೆ ನನಗೆ ಕಂಡದ್ದು ಒಂದು ಬೀಸುಕಲ್ಲು. ಮೇಲುಗಲ್ಲು ಒಂದು ಕಡೆ, ಕೆಳಗಲ್ಲು ಇನ್ನೊಂದು ಕಡೆ. ಯಾರೋ ಹಳೇ ಮನೆ ಕೆಡವಿ ಮಣ್ಣಿನ ಜೊತೆ ಸುರಿದಿದ್ದರು. ಮನೆಯವರನ್ನು ಹುಡುಕಿ ಕೇಳಿದೆ. “ತಗೊಂಡೋಗಿ ಯಜಮಾನ್ರೇ, ಮಿಲ್ ಇರುವಾಗ ಇದನ್ನ್ಯಾರು ತಿರುಗಿಸ್ತಾರೆ” ಅಂದರು. ಲಗೇಜ್ ಆಟೊದಲ್ಲಿ ಬಂದಿಳಿದದ್ದನ್ನು ನೋಡಿ ಮೊಮ್ಮಗಳು ಕೇಳಿದಳು: “ತಾತ, ಇದು ಯಾವ ಗಾಡಿ ಚಕ್ರ?”

ಹಿಡಿಗೂಟವನ್ನು ಗೆದ್ದಲು ತಿಂದಿತ್ತು. ಬಡಗಿಯೊಬ್ಬರು ಜಾಲಿಮರದ ತುಂಡು ಕೆತ್ತಿ ಕೂರಿಸಿಕೊಟ್ಟರು. ಕಲ್ಲಿನ ಮುಖ ಸವೆದು ನುಣ್ಣಗಾಗಿತ್ತು. ನುಣ್ಣಗಾದರೆ ಕಾಳು ಜಾರುತ್ತದೆ, ಒಡೆಯುವುದಿಲ್ಲ. ಹಿಂದೆಲ್ಲ ಕಲ್ಲು ಕುಟ್ಟುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು, ಅಜ್ಜಿಯರಿಗೆ ನೆನಪಿರುತ್ತದೆ. ಈಗ ಅಂಥವರನ್ನು ಹುಡುಕುವುದೇ ದೊಡ್ಡ ಕೆಲಸ. ಅಂತೂ ಒಬ್ಬರು ಸಿಕ್ಕಿ, ಉಳಿ ಸುತ್ತಿಗೆ ಹಿಡಿದು ಕಚ್ಚು ಹೊಡೆದುಕೊಟ್ಟರು. ಹೊಸದಾಗಿ ಕುಟ್ಟಿದ ಕಲ್ಲಿನಲ್ಲಿ ಮೊದಲು ಬೀಸಿದ್ದನ್ನು ತಿನ್ನಬಾರದು, ಕಲ್ಲುಪುಡಿ ಸೇರಿರುತ್ತದೆ. ಒಂದೆರಡು ಸಲ ಅಕ್ಕಿನುಚ್ಚು ಹಾಕಿ ತಿರುಗಿಸಿ ಚೆಲ್ಲಿದೆವು. ಆಮೇಲೆ ಹುರುಳಿ ಹಾಕಿದರೆ ಬೇಳೆ ಎರಡು ಹೋಳಾಗಿ ಉದುರಿತು!

ಮೊಮ್ಮಗಳು ಹತ್ತು ಸುತ್ತಿಗೇ ಸುಸ್ತು. ಅವರಜ್ಜಿ ಎದುರಿಗೆ ಕೂತು ಅದೇ ಗೂಟಕ್ಕೆ ಕೈ ಕೊಟ್ಟ ಮೇಲೆ ಹಗುರಾಯಿತು. ಐದಾರು ಸುತ್ತು ಆಗುವಷ್ಟರಲ್ಲಿ ಅಜ್ಜಿ ಹಾಡತೊಡಗಿದಳು. ಇಷ್ಟು ವರ್ಷ ಜೊತೆಗಿದ್ದೂ ಆ ಪದ ನಾನು ಕೇಳಿರಲಿಲ್ಲ. ಬೀಸುವ ಪದ ಬೀಸುವಾಗಲೇ ಬಾಯಿಗೆ ಬರುವುದು, ಸುಮ್ಮನೆ ಕೂತವರನ್ನು ಹಾಡಿ ಅಂದರೆ ಬರುವುದಿಲ್ಲ.

ಜನಪದ ಹಾಡುಗಳನ್ನು ಸಂಗ್ರಹಿಸಿದ ಎಚ್.ಎಲ್. ನಾಗೇಗೌಡರು ಹಾಡಿಗೇ ನಿಲ್ಲಲಿಲ್ಲ. ಅಡುಗೆಮನೆಯ, ಹೊಲದ ಹಳೇ ಸಾಮಾನುಗಳನ್ನೂ ಕೂಡಿಹಾಕಿದರು. ಅವರು ಕಟ್ಟಿದ ಜಾನಪದ ಲೋಕ 1994ರಲ್ಲಿ ಶುರುವಾಯಿತು. ರಾಮನಗರದ ಹತ್ತಿರ, ಬೆಂಗಳೂರು–ಮೈಸೂರು ರಸ್ತೆಯಲ್ಲೇ ಇದೆ. ತಾತಂದಿರೇ, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ.

ಆದರೆ ಮಕ್ಕಳೇ, ಕಸದೊಳಗೆ ಮಾತ್ರ ಕೈ ಹಾಕಬೇಡಿ. ಇಂಜೆಕ್ಷನ್ ಸೂಜಿ ಇರುತ್ತದೆ. ಒಡೆದ ಟ್ಯೂಬ್‌ಲೈಟಿನಲ್ಲಿ ಪಾದರಸವಿರುತ್ತದೆ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬ ಎಷ್ಟು ತೊಳೆದರೂ ಮನೆಗೆ ಬೇಡ. ಏನಾದರೂ ಕಂಡರೆ ದೊಡ್ಡವರಿಗೆ ತೋರಿಸಿ.

ಅದಕ್ಕೂ ಮೊದಲು ನಿಮ್ಮ ಹಿತ್ತಲನ್ನೇ ಒಂದು ಸುತ್ತು ಹಾಕಿ. ಅಜ್ಜಿಯ ಒರಳುಕಲ್ಲು ಎಲ್ಲಿದೆ? ಗಿಡದ ಕುಂಡವಾಗಿದೆಯೋ, ಕೋಳಿ ನೀರು ಕುಡಿಯುತ್ತಿದೆಯೋ? ಬರೆದು ತಿಳಿಸಿ.