ಮೊತ್ತ ಬರೆಯದ ಚೆಕ್ಕಿಗೆ ರುಜು ಕೇಳುವವರು

ಕರಾರನ್ನು ಕಾಗದದ ಮೇಲೆ ಬರೆಯದೆ ಗಣಕಯಂತ್ರದ ಆಜ್ಞೆಗಳಾಗಿ ಬರೆದು, ಎಲ್ಲರಿಗೂ ಕಾಣುವ ಆದರೆ ಯಾರೊಬ್ಬರೂ ಅಳಿಸಲಾಗದ ಲೆಕ್ಕದ ಪುಸ್ತಕಕ್ಕೆ ಏರಿಸಿಬಿಟ್ಟರೆ, ನಡುವೆ ಸಾಹುಕಾರನೂ ಬೇಡ, ದಲ್ಲಾಳಿಯೂ ಬೇಡ, ಕೋರ್ಟು ಕಚೇರಿಯೂ ಬೇಡ ಎಂದು ಸಾರುವವರಿದ್ದಾರೆ. ಆ ಪುಸ್ತಕಕ್ಕೆ ಬ್ಲಾಕ್‌ಚೈನ್ ಎಂದೂ ಆ ಕರಾರಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಎಂದೂ ಹೆಸರು. 2015ರಲ್ಲಿ ಆರಂಭವಾದ ಈಥೀರಿಯಮ್ ಇಂಥ ಕರಾರುಗಳ ದೊಡ್ಡ ಪೇಟೆ. ದಲ್ಲಾಳಿ ತೊಲಗುವುದಾದರೆ ಬೇಡವೆನ್ನುವವರು ನಮ್ಮಲ್ಲಿ ಯಾರು? ಆದರೆ ಅವನೆದ್ದುಹೋದ ಗಾದಿಯ ಮೇಲೆ ಈಗ ಕುಳಿತವರು ಯಾರೆಂದು ಕೇಳದೆ ಇರಲಾಗದು.

ಕುಳಿತವರು ಇಂಟರ್‌ಫೇಸ್ ಬರೆಯುವವರು. ಹೊರಗಿನವನು ಕರಾರಿಗೆ ಯಾವ ಆಜ್ಞೆ ಕೊಡಬಹುದು, ಯಾರು ಕೊಡಬಹುದು, ಏನನ್ನೂ ಹೇಳದೆ ಬಿಟ್ಟರೆ ಯಂತ್ರ ಏನೆಂದು ತಿಳಿಯತಕ್ಕದ್ದು ಎಂಬ ಕಟ್ಟಳೆಯೇ ಇಂಟರ್‌ಫೇಸ್. ಕೇಡೆಲ್ಲ ಈ ಕಡೆಯ ಮಾತಿನಲ್ಲಿ ಅಡಗಿದೆ.

2015ರ ನವೆಂಬರಿನಲ್ಲಿ ಸೂಚಿತವಾದ ಇಆರ್‌ಸಿ-20 ಎಂಬ ಕಟ್ಟಳೆಯನ್ನೇ ನೋಡೋಣ. ಇದರಲ್ಲಿ 'ಅಪ್ರೂವ್' ಎಂಬ ಆಜ್ಞೆಯುಂಟು. ನನ್ನ ಗಂಟಿನಿಂದ ಇಷ್ಟರವರೆಗೆ ನೀನು ತೆಗೆದುಕೊಳ್ಳಬಹುದು ಎಂದು ಇನ್ನೊಂದು ಕರಾರಿಗೆ ಕೊಡುವ ಅನುಮತಿ ಅದು. ವಾಯಿದೆ ಎಂಬುದೇ ಇಲ್ಲ. ರದ್ದು ಮಾಡುವತನಕ ಅಥವಾ ಮೊತ್ತ ಮುಗಿಯುವತನಕ ನಡೆಯುತ್ತದೆ. ಇದರ ಮೇಲೆ ವ್ಯಾಪಾರ ನಡೆಸುವ ಎಷ್ಟೋ ತಾಣಗಳು ಕೇಳುವ ಮೊತ್ತ ನೂರಲ್ಲ, ಸಾವಿರವಲ್ಲ, ಯಂತ್ರ ಹಿಡಿಸಬಲ್ಲ ಅತಿ ದೊಡ್ಡ ಸಂಖ್ಯೆ, 78 ಅಂಕಿಗಳದ್ದು! ಕಿರಾಣಿ ಅಂಗಡಿಯವನು ಒಂದು ಮೂಟೆ ಅಕ್ಕಿಗಾಗಿ ಮಂಡಿಯವನಿಗೆ ಮೊತ್ತ ಬರೆಯದ ಚೆಕ್ಕನ್ನು ರುಜು ಮಾಡಿ ಕೊಡುತ್ತಾನೆಯೇ? 2021ರ ಡಿಸೆಂಬರಿನಲ್ಲಿ ಬ್ಯಾಡ್ಜರ್ ಡಾವ್ ಎಂಬ ಸಂಸ್ಥೆಯ ತಾಣದೊಳಕ್ಕೆ ಕಳ್ಳರು ನುಸುಳಿ ಇಂಥ ಅನುಮತಿಗಳನ್ನೇ ಬೇಡಿ ಪಡೆದು, ಸುಮಾರು 12 ಕೋಟಿ ಡಾಲರು ದೋಚಿದರು. ಕರಾರು ಬರೆದಂತೆಯೇ ನಡೆಯಿತು, ಗಂಟು ಹೋಯಿತು.

ಅನುಮತಿ ತಗ್ಗಿಸಲು ಹೊರಟರೂ ಅಪಾಯವೇ. ನೂರಕ್ಕೆ ಕೊಟ್ಟದ್ದನ್ನು ಐವತ್ತಕ್ಕೆ ಇಳಿಸುವ ಆಜ್ಞೆ ಪುಸ್ತಕಕ್ಕೆ ಏರುವಷ್ಟರಲ್ಲಿ ಎದುರಾಳಿ ಹಳೆಯ ನೂರನ್ನು ಎಳೆದುಕೊಂಡು, ಆಮೇಲೆ ಹೊಸ ಐವತ್ತನ್ನೂ ಎಳೆಯಬಹುದು. ಇದಕ್ಕೆ ಕಟ್ಟಳೆ ಹೇಳುವ ಪರಿಹಾರ, ಮೊದಲು ಸೊನ್ನೆಗೆ ಇಳಿಸಿ ಎಂಬುದು. ಅದೂ ಬರಿಯ ಬುದ್ಧಿವಾದ! ಹಳೆಯ ಕರಾರುಗಳಿಗೆ ತೊಡಕಾಗದಿರಲೆಂದು ಕರಾರು ತಾನೇ ಇದನ್ನು ಕಡ್ಡಾಯ ಮಾಡಕೂಡದು ಎಂದೂ ಅದರಲ್ಲೇ ಬರೆದಿದೆ.

ಕರಾರು ಬರೆಯುವ ಸಾಲಿಡಿಟಿ ಭಾಷೆಯ ಕಥೆ ಇನ್ನೂ ವಿಚಿತ್ರ. ಒಂದು ಆಜ್ಞೆ ಖಾಸಗಿಯೇ ಬಹಿರಂಗವೇ ಎಂದು ಬರೆಯದೆ ಬಿಟ್ಟರೆ, ಬಹಿರಂಗ ಎಂದೇ ಆ ಭಾಷೆ ಬಹಳ ಕಾಲ ತಿಳಿಯುತ್ತಿತ್ತು. ಬೀಗ ಹಾಕಲು ಮರೆತರೆ ಬಾಗಿಲು ತೆರೆದೇ ಇರುವ ಗೋದಾಮು! 2017ರ ಜುಲೈಯಲ್ಲಿ ಪ್ಯಾರಿಟಿ ವ್ಯಾಲೆಟ್‌ನಲ್ಲಿ, ಒಡೆಯ ಯಾರೆಂದು ನಿಶ್ಚಯಿಸುವ ಆಜ್ಞೆಯನ್ನೇ ದಾರಿಹೋಕನೊಬ್ಬ ಕೊಟ್ಟು, ಒಂದೂವರೆ ಲಕ್ಷಕ್ಕೂ ಹೆಚ್ಚು ಈಥರ್ ಒಯ್ದನು. ಏನೂ ಬರೆಯದೆ ಬಿಡಕೂಡದು ಎಂಬ ನಿಯಮ ಬಂದದ್ದು 2018ರ ನವೆಂಬರಿನಲ್ಲಿ.

ರುಜು ಮಾಡುವ ಮುಂಚೆ ಓದಿಕೊಳ್ಳಬೇಕಾಗಿತ್ತು ಎಂಬುದು ಇವರ ಸಿದ್ಧ ಉತ್ತರ. ಓದುವುದೇನನ್ನು? ಎಷ್ಟೋ ವೇಳೆ ಪರದೆಯ ಮೇಲೆ ಕಂಡದ್ದು ಅಂಕಿ ಅಕ್ಷರ ಬೆರೆತ ಉದ್ದನೆಯ ಸಾಲು ಮಾತ್ರ. ಮಿಲ್ಲಿನ ಸ್ಥಾಯೀ ಆದೇಶಗಳನ್ನು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಬಳಿ ಹಲಗೆಯ ಮೇಲೆ ಹಾಕಬೇಕೆಂದು 1946ರ ಕಾನೂನು ಮಾಲೀಕರಿಗೆ ವಿಧಿಸಿತ್ತು. ಅಷ್ಟರ ಮಟ್ಟಿನ ಮರ್ಯಾದೆಯನ್ನಾದರೂ ಈ ಹೊಸ ಪೇಟೆಯವರಿಂದ ನಿರೀಕ್ಷಿಸುವುದು ತಪ್ಪೇ?

ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ಪ್ರತಿ ಅನುಮತಿಗೂ ಶುಲ್ಕ ಬೀಳುತ್ತದೆ. ಸಾರಿಸಾರಿಗೂ ಚಿಕ್ಕ ಮೊತ್ತಕ್ಕೆ ರುಜು ಹಾಕೆಂದರೆ ಬಡವನ ಕೈಯೇ ಮೊದಲು ಸುಡುವುದು. ಆದರೆ 2024ರ ಮಾರ್ಚಿನಲ್ಲಿ, ಒಂದು ವ್ಯವಹಾರ ಮುಗಿದೊಡನೆ ತಾನೇ ಅಳಿಸಿಹೋಗುವ ಅಗ್ಗದ ಸ್ಮರಣೆಯನ್ನು ಈಥೀರಿಯಮ್ ಯಂತ್ರಕ್ಕೆ ಸೇರಿಸಿದ್ದಾರೆ. ಅನುಮತಿಯನ್ನು ಅದರಲ್ಲಿಟ್ಟರೆ ವ್ಯವಹಾರದೊಡನೆ ಅದೂ ತೀರಿಹೋಗುವುದು. ಹೊಸ ಕರಾರು ಬರೆಯುವವರಿಗೆ ಇನ್ನು ನೆವವಿಲ್ಲ.

ಯಾರೂ ತಿದ್ದಲಾಗದ ಪುಸ್ತಕ ಎಂಬ ಘೋಷಣೆಯಾದರೂ ಎಲ್ಲರಿಗೂ ಒಂದೇ ಆಗಿತ್ತೇ? 2016ರ ಜೂನಿನಲ್ಲಿ ಡಾವ್ ಎಂಬ ದೊಡ್ಡ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಕಳುವಾದಾಗ, ಮರುತಿಂಗಳೇ ಪುಸ್ತಕವನ್ನು ಸೀಳಿ ಹಣ ಹಿಂದಿರುಗಿಸಿದರು. 2017ರ ನವೆಂಬರಿನಲ್ಲಿ ಅದೇ ಪ್ಯಾರಿಟಿಯ ಮೂಲ ಕರಾರಿಗೆ ಒಡೆಯನನ್ನು ಗೊತ್ತುಮಾಡದೆ ಬಿಟ್ಟಿದ್ದರಿಂದ ಯಾರೋ ಒಡೆಯನಾಗಿ ಅದನ್ನೇ ಅಳಿಸಿಬಿಟ್ಟ. ಐನೂರಕ್ಕೂ ಹೆಚ್ಚು ವ್ಯಾಲೆಟ್‌ಗಳಲ್ಲಿ 5 ಲಕ್ಷ 13 ಸಾವಿರ ಈಥರ್ ಸಿಕ್ಕಿಬಿದ್ದಿತು. ಅದನ್ನು ಬಿಡಿಸುವ ಸೂಚನೆ 2018ರಲ್ಲಿ ಬಂದಿತು, ಅಂಗೀಕಾರವಾಗಲಿಲ್ಲ. ಆ ಹಣ ಪುಸ್ತಕದಲ್ಲಿ ಎಲ್ಲರಿಗೂ ಕಾಣುತ್ತದೆ, ತೆಗೆಯಲು ಯಾರಿಂದಲೂ ಆಗದು.